ಕೂರಿಗೆಯ ಸೀಮೆಯಲ್ಲಿ ಬಿತ್ತುವವನ ಕಥೆ

(ದತ್ತಿ ಉಪನ್ಯಾಸದ ಬರಹರೂಪ)

ಬಸವಕಲ್ಯಾಣದ ಬಳಿಯ ನಾರಾಯಣಪುರದ ಸುತ್ತಿನ ಹೊಲಗಳಲ್ಲಿ ಬೀಜವನ್ನು ದಾರಿಯ ಮೇಲೆ ಚೆಲ್ಲುವ ರೈತ ಸಿಗುವುದಿಲ್ಲ. ಇದು ಕೂರಿಗೆಯ ಸೀಮೆ. ಎತ್ತು ಎಳೆಯುತ್ತವೆ, ಹಿಂದೆ ನಡೆಯುವ ಹೆಣ್ಣುಮಗಳು ಉಡಿಯಲ್ಲಿದ್ದ ಕಾಳನ್ನು ಹಿಡಿಹಿಡಿಯಾಗಿ ಬಟ್ಟಲಿಗೆ ಬಿಡುತ್ತಾಳೆ, ಕಾಳು ಕೊಳವೆಯೊಳಗಿಂದ ಇಳಿದು ನೇರ ಸಾಲಿಗೆ ಬೀಳುತ್ತದೆ. ಈಗ ಎತ್ತಿನ ಜಾಗಕ್ಕೆ ಬಹಳ ಕಡೆ ಟ್ರ್ಯಾಕ್ಟರ್ ಬಂದಿದೆ. ಆದರೂ ಕಾಳು ಸಾಲು ತಪ್ಪುವುದಿಲ್ಲ. ಸೋಯಾ ಬೀಜದ ಚೀಲಕ್ಕಾಗಿ ರೈತ ಸಂಪರ್ಕ ಕೇಂದ್ರದ ಮುಂದೆ ಪಾಳಿ ಹಚ್ಚಿ ನಿಂತು ಬಂದವರ ಮುಂದೆ ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯ ಓದಿ ನೋಡಬೇಕು. ಒಂದಿಷ್ಟು ಬೀಜ ದಾರಿಗೆ, ಒಂದಿಷ್ಟು ಕಲ್ಲುನೆಲಕ್ಕೆ, ಒಂದಿಷ್ಟು ಮುಳ್ಳಿಗೆ. ಕೇಳುವವರ ಮನಸ್ಸಿನಲ್ಲಿ ಮೊದಲು ಏಳುವ ಅನುಮಾನ ದೇವರ ಮೇಲಲ್ಲ, ಬಿತ್ತುವವನ ಮೇಲೆ. ಇಂವ ಎಂಥ ರೈತ?

ಯೇಸುವಿನ ಊರಿನ ಕಡೆ ಬೀಜವನ್ನು ಕೈಯಿಂದ ಎರಚಿ ಬಿತ್ತುತ್ತಿದ್ದರು. ಹೊಲದ ನಡುವೆಯೇ ಕಾಲುದಾರಿ ಇರುತ್ತಿತ್ತು, ಒಂದು ಗೇಣು ಮಣ್ಣಿನ ಕೆಳಗೆ ಬಂಡೆ ಇರುತ್ತಿತ್ತು. ಅಲ್ಲಿ ಕೇಳುತ್ತಿದ್ದವರಿಗೆ ಅದು ದಿನನಿತ್ಯದ ನೋಟ, ವಿವರಣೆ ಬೇಕಿರಲಿಲ್ಲ. ಇಲ್ಲಿ ಬೇಕು. ಚರ್ಚಿನಲ್ಲಿ ಪ್ರಸಂಗ ಹೇಳುವವರ ಕಷ್ಟ ಶುರುವಾಗುವುದೇ ಈ ಜಾಗದಲ್ಲಿ. ಅಂದಿನ ದಿನನಿತ್ಯದ ಕಥೆ ಇಂದಿನ ಕೇಳುಗನಿಗೆ ಒಗಟಾಗಿದೆ. ಅದನ್ನು ಬಿಡಿಸಲು ಇಂದಿನ ದಿನನಿತ್ಯದಿಂದ ಇನ್ನೊಂದು ಕಥೆ ತರಬೇಕು. ಅದನ್ನು ಎಲ್ಲಿಂದ ತರಬೇಕು ಎಂಬುದೇ ಇವತ್ತಿನ ವಿಷಯ.

ಕಥೆಯ ಬೇಡಿಕೆ ಎಷ್ಟು ಎಂಬುದನ್ನು ಹೊರಗಿನವರು ಊಹಿಸಲಾರರು. ಕಥೋಲಿಕ ಸಭೆಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾ ಸಂವಿಧಾನವು ಪ್ರಸಂಗವನ್ನು ಪೂಜೆಯ ಅಂಗ ಎಂದೇ ಹೇಳಿತು, ಜನರ ಭಾಷೆಗೆ ಬಾಗಿಲು ತೆರೆಯಿತು. ಬೀದರ್ ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಮೆಥೊಡಿಸ್ಟ್ ಸಭೆಗಳಲ್ಲಿ ಪ್ರಸಂಗವೇ ಆರಾಧನೆಯ ನಡುಗಂಬ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮಿಷನ್ ಇಲ್ಲಿಗೆ ತಂದ ಈ ಸಭೆ 1981ರಿಂದ ಸ್ವತಂತ್ರವಾಗಿ ಭಾರತದ ಮೆಥೊಡಿಸ್ಟ್ ಸಭೆಯಾಗಿದೆ. ಕಥೋಲಿಕರಿಗೆ ಕಲಬುರಗಿ ಧರ್ಮಪ್ರಾಂತ್ಯವೇ ಆದದ್ದು 2005ರಲ್ಲಿ. ಯಾವ ಸಭೆಯೇ ಇರಲಿ, ವಾರಕ್ಕೊಂದರಂತೆ ವರ್ಷಕ್ಕೆ 52 ಭಾನುವಾರ. ಮದುವೆ, ಮಣ್ಣು, ಹಬ್ಬ, ಮನೆಪ್ರಾರ್ಥನೆಗಳ ಲೆಕ್ಕ ಬೇರೆ. ಕೇಳುವ ಮುಖಗಳು ಅವೇ. ಹೋದ ವರ್ಷ ಹೇಳಿದ ಕಥೆಯನ್ನೇ ಈ ವರ್ಷವೂ ಹೇಳಿದರೆ ಮುಂದಿನ ಸಾಲಿನ ಮುದುಕಿ ಕಥೆಯ ಕೊನೆಯನ್ನು ತಾನೇ ಹೇಳಿಬಿಡುತ್ತಾಳೆ.

ಕಥೆಯ ಬಲ ಹಳೆಯ ಮಠಗಳಿಗೂ ಗೊತ್ತಿತ್ತು. 13ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಹೈಸ್ಟರ್‌ಬಾಕ್ ಮಠದ ಸೀಸರಿಯಸ್ ಎಂಬ ಸನ್ಯಾಸಿ ಒಂದು ಘಟನೆಯನ್ನು ಬರೆದಿಟ್ಟಿದ್ದಾನೆ. ಮಠಾಧಿಪತಿ ಗೆವಾರ್ಡ್ ಬೋಧಿಸುತ್ತಿದ್ದಾಗ ಹಲವರು ತೂಕಡಿಸುತ್ತಿದ್ದರು, ಕೆಲವರು ಗೊರಕೆಯನ್ನೂ ಹೊಡೆಯುತ್ತಿದ್ದರು. ಆತ ದನಿಯೆತ್ತಿ, ಹೊಸ ಕಥೆಯೊಂದಿದೆ, ಆರ್ಥರ್ ಎಂಬ ರಾಜನಿದ್ದ ಎಂದು ಶುರುಮಾಡಿದ. ಎಲ್ಲರೂ ಎದ್ದು ಕೂತರು. ಅಲ್ಲಿಗೇ ನಿಲ್ಲಿಸಿದ ಗೆವಾರ್ಡ್, ದೇವರ ಮಾತಿಗೆ ನಿದ್ದೆ, ರಾಜನ ಮಾತಿಗೆ ಎಚ್ಚರವೋ ಎಂದು ಬೈದ. ಬೈಗುಳ ಸರಿಯೇ. ಆದರೆ ಆ ದಿನ ನಿದ್ದೆ ಬಿಡಿಸಿದ್ದು ಕಥೆ.

ಆ ಕಾಲದ ಬೋಧಕರ ಕೈಯಲ್ಲಿ ಇಂಥ ಕಥೆಗಳ ಸಂಗ್ರಹಗಳೇ ಓಡಾಡುತ್ತಿದ್ದವು. ಜಾಕ್ ದ ವಿಟ್ರಿಯಂಥವರು ರೈತ, ವ್ಯಾಪಾರಿ, ವಕೀಲ, ಜಗಳಗಂಟಿ ಹೆಂಡತಿ, ಕಳ್ಳ ಸನ್ಯಾಸಿ ಎಲ್ಲರನ್ನೂ ಪ್ರಸಂಗದೊಳಗೆ ತಂದರು. ಬುದ್ಧನ ಜೀವನಕಥೆ ಕೂಡ ಭಾಷೆಯಿಂದ ಭಾಷೆಗೆ ದಾಟಿ, ಬಾರ್ಲಾಮ್ ಮತ್ತು ಜೋಸಫತ್ ಎಂಬ ಸಂತರ ಕಥೆಯಾಗಿ ಯುರೋಪಿನ ಬೋಧಕರ ಬಾಯಿಗೆ ಬಂದಿತ್ತು. 19ನೇ ಶತಮಾನದ ಲಂಡನ್‌ನಲ್ಲಿ ಚಾರ್ಲ್ಸ್ ಸ್ಪರ್ಜನ್ ತನ್ನ ವಿದ್ಯಾರ್ಥಿಗಳಿಗೆ, ಕಣ್ಣು ತೆರೆದಿದ್ದರೆ ಒಂದು ಮೇಣದಬತ್ತಿಯಲ್ಲೂ ಬೇಕಾದಷ್ಟು ದೃಷ್ಟಾಂತ ಸಿಗುತ್ತದೆ ಎಂದಿದ್ದ. ಅವರು ನಂಬದಿದ್ದಾಗ ಮೇಣದಬತ್ತಿಗಳನ್ನೇ ಮುಂದಿಟ್ಟುಕೊಂಡು ಉಪನ್ಯಾಸ ಕೊಟ್ಟ; ಅದು ಪುಸ್ತಕವೂ ಆಯಿತು.

ಇಂದು ಸಂಗ್ರಹದ ಜಾಗವನ್ನು ಮೊಬೈಲ್ ತೆಗೆದುಕೊಂಡಿದೆ. ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ಬಂದದ್ದು ಭಾನುವಾರ ಬೆಳಿಗ್ಗೆ ಪೀಠದ ಮೇಲೆ. ಈ ಕಥೆಗಳ ತೊಂದರೆ ಅವು ಪರದೇಶದ್ದು ಎಂಬುದಷ್ಟೇ ಅಲ್ಲ, ಎಷ್ಟೋ ಕಥೆಗಳು ಸುಳ್ಳು. ಯೆಶಾಯನ 40ನೇ ಅಧ್ಯಾಯದಲ್ಲಿ ಹದ್ದಿನ ಮಾತು ಬಂದರೆ ಸಾಕು, 40 ವರ್ಷದ ಹದ್ದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಕಳಚಿಕೊಂಡು, ಹೊಸ ಕೊಕ್ಕು ಬಂದ ಮೇಲೆ ಉಗುರು ಕಿತ್ತುಕೊಂಡು, ಮತ್ತೆ 30 ವರ್ಷ ಬದುಕುವ ಕಥೆ ಬರುತ್ತದೆ. ಕೊಕ್ಕು ಕಳಚಿದ ಹದ್ದು ತಿಂಗಳುಗಟ್ಟಲೆ ಏನು ತಿಂದೀತು? ಉಪವಾಸ ಸಾಯುತ್ತದೆ. ಹಣವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತಿನ ವಿಷಯದಲ್ಲೂ ಹೀಗೆಯೇ. ಯೆರೂಸಲೇಮಿನಲ್ಲಿ 'ಸೂಜಿಕಣ್ಣು' ಎಂಬ ಸಣ್ಣ ಬಾಗಿಲಿತ್ತು, ಹೊರೆ ಇಳಿಸಿ ಮೊಣಕಾಲೂರಿದರೆ ಒಂಟೆ ಒಳಗೆ ಹೋಗುತ್ತಿತ್ತು ಎಂದು ಹೇಳುವವರಿದ್ದಾರೆ. ಅಂಥ ಬಾಗಿಲಿಗೆ ಆ ಕಾಲದ ಯಾವ ಆಧಾರವೂ ಇಲ್ಲ. ಅದು ಶತಮಾನಗಳ ನಂತರದ ವ್ಯಾಖ್ಯಾನಕಾರರ ಕೊಡುಗೆ. ಹಣವಂತರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ವಲ್ಪ ಬಗ್ಗಿದರೆ ಸಾಕಲ್ಲ!

ಹಾಗಾದರೆ ಊರಿನ ಕಥೆ ಯಾವುದು? ಕಲ್ಯಾಣದ ಸೀಮೆಯವರು ಈ ಪ್ರಶ್ನೆಗೆ ದೂರ ಹೋಗಬೇಕಿಲ್ಲ.

12ನೇ ಶತಮಾನದ ಶರಣರು ದೇವರ ಮಾತನ್ನು ತಮ್ಮ ಕಸುಬಿನ ಸಾಮಾನಿನಿಂದಲೇ ಆಡಿದರು. ಅಂಬಿಗರ ಚೌಡಯ್ಯನಿಗೆ ದೋಣಿ, ಮಡಿವಾಳ ಮಾಚಯ್ಯನಿಗೆ ಬಟ್ಟೆಯ ಕೊಳೆ, ನುಲಿಯ ಚಂದಯ್ಯನಿಗೆ ಹಗ್ಗದ ಹುಲ್ಲು, ಕದಿರ ರೆಮ್ಮವ್ವೆಗೆ ರಾಟೆ. ಇವರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆ ಪ್ರಸಂಗಕಾರನಿಗೆ ವಿಶೇಷವಾಗಿ ದಕ್ಕುವಂಥದ್ದು. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ದಿನದ ಪಾಲಿಗಿಂತ ಹೆಚ್ಚು ತಂದ. ಲಕ್ಕಮ್ಮ ಗಂಟು ನೋಡಿದಳು, ಇದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ.

ಈ ಕಥೆಯನ್ನು ವಿಮೋಚನಕಾಂಡದ 16ನೇ ಅಧ್ಯಾಯದ ಪಕ್ಕಕ್ಕೆ ಇಡಬೇಕು. ಅರಣ್ಯದಲ್ಲಿ ಇಸ್ರಾಯೇಲರಿಗೆ ಮನ್ನ ಸಿಗುತ್ತದೆ. ತಲೆಗೆ ಒಂದು ಓಮೆರ್, ಆ ದಿನಕ್ಕೆ ಸಾಕಾಗುವಷ್ಟೇ. ನಾಳೆಗೆಂದು ಎತ್ತಿಟ್ಟವರ ಮನ್ನ ಹುಳ ಬಿದ್ದು ನಾರುತ್ತದೆ. ಕಥೋಲಿಕ ವಾಚನಪುಸ್ತಕದಲ್ಲಿ ಮಾರ್ಕನ ವರ್ಷದ ಸಾಧಾರಣ ಕಾಲದ 18ನೇ ಭಾನುವಾರ ಈ ಭಾಗ ಬರುತ್ತದೆ. 2024ರಲ್ಲಿ ಅದು ಆಗಸ್ಟ್ 4ರಂದು ಬಂತು. ತಮಾಷೆ ಎಂದರೆ ಆ ವಾಚನ 15ನೇ ವಚನಕ್ಕೇ ನಿಂತುಬಿಡುತ್ತದೆ. ಹುಳ ಬೀಳುವುದು 20ನೆಯದರಲ್ಲಿ. ಆಯ್ದವರು ಪೂಜೆಯ ನಡುವೆ ಹುಳ ಬೇಡವೆಂದುಕೊಂಡರೋ ಏನೋ! ಹುಳವಿಲ್ಲದ ಮನ್ನ ಬರೀ ಪವಾಡವಾಗುತ್ತದೆ. ಹುಳವಿದ್ದರೆ ಅದು ಸಂಸಾರದ ಪ್ರಶ್ನೆಯಾಗುತ್ತದೆ: ಮನೆಯೊಳಗೆ ಎಷ್ಟು ಚೀಲ ಇರಬೇಕು? ಆ ಪ್ರಶ್ನೆಯನ್ನು ಕಲ್ಯಾಣದಲ್ಲಿ ಕೇಳಿದವಳು ಲಕ್ಕಮ್ಮ. ಅವಳ ಹೆಸರು ಹೇಳಿದ ಕೂಡಲೇ ಸಭೆಯ ಅರ್ಧ ಜನಕ್ಕೆ ಕಥೆ ನೆನಪಾಗುತ್ತದೆ, ಪ್ರಸಂಗಕಾರನ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಕಠಿಣ. ಲಕ್ಕಮ್ಮನನ್ನು ಬೈಬಲ್ಲಿನ ಸೇವಕಿ ಮಾಡಬಾರದು. ಅವಳು ಶಿವಶರಣೆ, ಅವಳ ಮಾತು ಅವಳ ಭಕ್ತಿಯದು. ಅದನ್ನು ಒಪ್ಪಿಕೊಂಡು, ಗೌರವದಿಂದ ಪಕ್ಕದ ಮನೆಯವಳ ಮಾತಾಗಿ ಹೇಳಿದರೆ ಆಯಿತು.

ಇಂಥ ನೆರೆಹೊರೆಯ ಓದನ್ನು ಬದುಕಿ ತೋರಿಸಿದ ಸಭಾಪಾಲಕರು ಕನ್ನಡದಲ್ಲಿ ಆಗಿಹೋಗಿದ್ದಾರೆ. ಉತ್ತಂಗಿ ಚನ್ನಪ್ಪ (1881–1962) ಬಾಸೆಲ್ ಮಿಷನ್ನಿನವರು. ಸರ್ವಜ್ಞನ ವಚನಗಳನ್ನು ಊರೂರು ಸುತ್ತಿ, ಬಾಯಿಪಾಠದಲ್ಲಿದ್ದವನ್ನೂ ಓಲೆಯಲ್ಲಿದ್ದವನ್ನೂ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಅನುಭವ ಮಂಟಪ ಬರೀ ಕಲ್ಪನೆ ಎಂದವರಿಗೆ ಉತ್ತರವಾಗಿ 'ಅನುಭವ ಮಂಟಪದ ಐತಿಹಾಸಿಕತೆ' ಬರೆದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪೊಲೀಸ್ ಕಾರ್ಯಾಚರಣೆ ಮುಗಿದು ಹೆಚ್ಚು ದಿನವಾಗಿರಲಿಲ್ಲ, ಊರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೈಬಲ್ ಹಿಡಿದ ಕೈಯಲ್ಲೇ ಸರ್ವಜ್ಞನನ್ನು ಹಿಡಿದ ಈ ಮನುಷ್ಯನನ್ನು ಪಾದ್ರಿ ಎಂದು ಯಾರೂ ದೂರ ಇಡಲಿಲ್ಲ. ಅವರಿಗೂ ಮುಂಚೆ ಫರ್ಡಿನಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಮಟ್ಟುಗಳಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದ್ದ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಾಗಿತ್ತು. ಪುಸ್ತಕ ಕನ್ನಡಕ್ಕೆ ಬಂದು ಎರಡು ಶತಮಾನವಾಗುತ್ತ ಬಂತು. ದೃಷ್ಟಾಂತಗಳು ಮಾತ್ರ ಇನ್ನೂ ಪರದೇಶದಿಂದಲೇ ಬರುತ್ತಿವೆ.

ಶರಣರ ಕಥೆ ಹಳೆಯದಾಯಿತು, ಇವತ್ತಿನದು ಬೇಕು ಎನ್ನುವವರು ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾಕ್ಕೆ ಹೋಗಬಹುದು. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಅಲ್ಲಿಂದ ಹುಮನಾಬಾದ್ ಕಡೆಗೆ ಸಾಗುತ್ತದೆ. ಲಾರಿ, ಗ್ಯಾರೇಜು, ಟೈರು, ಧಾಬಾ. ಬಸವಕಲ್ಯಾಣದ ಎಷ್ಟೋ ಮನೆಗಳಲ್ಲಿ ಒಬ್ಬ ಡ್ರೈವರ್ ಇಲ್ಲವೇ ಮೇಸ್ತ್ರಿ ಇದ್ದಾನೆ. ಲೂಕನ 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆಯೂ ರಸ್ತೆಯದೇ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಆ ದಾರಿ ಸುಮಾರು 27 ಕಿಲೋಮೀಟರಿನಲ್ಲಿ ಸುಮಾರು ಒಂದು ಸಾವಿರ ಮೀಟರ್ ಕೆಳಗಿಳಿಯುತ್ತದೆ. ಕಳ್ಳರು ಅಡಗಲು ತಕ್ಕ ಜಾಗ. ಹೊಡೆತ ತಿಂದು ಬಿದ್ದವನನ್ನು ಯಾಜಕ ನೋಡಿ ದಾಟಿದ, ಲೇವಿಯ ನೋಡಿ ದಾಟಿದ.

ಏಕೆ ದಾಟಿದರು? ಹೆದ್ದಾರಿಯ ಡ್ರೈವರನಿಗೆ ಉತ್ತರ ಗೊತ್ತು. ಪೊಲೀಸ್ ಠಾಣೆ, ಸಾಕ್ಷಿ, ಕೋರ್ಟಿನ ವಾಯಿದೆ, ಆಸ್ಪತ್ರೆಯಲ್ಲಿ ಹಣ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ. ಈ ಭಯ ಎಷ್ಟು ನಿಜವಾಗಿತ್ತೆಂದರೆ ಅದಕ್ಕೆ ಕಾನೂನೇ ಬರಬೇಕಾಯಿತು. ಕೇಂದ್ರ ಸರಕಾರ 2015ರಲ್ಲಿ ಮಾರ್ಗಸೂಚಿ ತಂದಿತು, ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಅದನ್ನು ಕಡ್ಡಾಯ ಮಾಡಿತು, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಕಲಮು ಸೇರಿತು. ಕರ್ನಾಟಕ ತನ್ನದೇ ಮಸೂದೆಯನ್ನು 2016ರಲ್ಲಿ ಪಾಸು ಮಾಡಿತ್ತು. 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. ಈ ಕಾನೂನುಗಳ ಹೆಸರಿನಲ್ಲೇ 'ಗುಡ್ ಸಮಾರಿಟನ್' ಇದ್ದಾನೆ. ಗಾಯಾಳುವನ್ನು ತಂದವನು ಹೆಸರು ಹೇಳಬೇಕಿಲ್ಲ, ಹಣ ಕಟ್ಟಬೇಕಿಲ್ಲ. ರಾಜ್ಯದ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' 2016ರಲ್ಲಿ ಬಂದಾಗ ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಸರಕಾರವೇ ಭರಿಸುವ ಏರ್ಪಾಡು ಮಾಡಿತು. ನೆಲಮಂಗಲದ ಬಳಿ ಅಪಘಾತದಲ್ಲಿ ದೇಹ ಎರಡಾಗಿ ಬಿದ್ದಿದ್ದಾಗಲೂ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ ಯುವಕನ ಹೆಸರು ಅದು. ಸಮಾರ್ಯದವನು ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದದ್ದನ್ನು ಇದರ ಜೊತೆ ಓದಿದರೆ ಆ ಎರಡು ನಾಣ್ಯದ ತೂಕ ತಿಳಿಯುತ್ತದೆ.

ಆದರೂ ಒಂದು ಎಚ್ಚರಿಕೆ ಬೇಕು. ರಸ್ತೆಯಲ್ಲಿ ಸಹಾಯ ಮಾಡಿದ ಒಳ್ಳೆಯವನ ಕಥೆ ಹೇಳಿ ಕೂತರೆ ಯೇಸು ಹೇಳಿದ ಸಾಮ್ಯಕಥೆಯ ಮೊನೆ ಮುರಿಯುತ್ತದೆ. ಯೆಹೂದ್ಯರು ಸಮಾರ್ಯದವನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಹಾಗಾಗಿ ಪ್ರಸಂಗಕಾರ ಯೋಚಿಸಬೇಕಾದದ್ದು ಬೇರೆಯೇ ಇದೆ: ಈ ಸಭೆ ಯಾರ ಕೈಯಿಂದ ನೀರು ಕುಡಿಯಲು ಹಿಂಜರಿಯುತ್ತದೆ? ಆ ಮನುಷ್ಯನೇ ಲಾರಿ ನಿಲ್ಲಿಸಿ ಇಳಿಯಬೇಕು. ಆಗ ಕೇಳುವವರು ಕುರ್ಚಿಯಲ್ಲಿ ಸ್ವಲ್ಪ ಅಲುಗಾಡುತ್ತಾರೆ.

ಕೂಲಿಯ ಕಥೆಯೂ ಹೀಗೆಯೇ ಚುಚ್ಚಬೇಕು. ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆಯಿಂದ ದುಡಿದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ದ್ರಾಕ್ಷಿ ವಿಜಯಪುರದ ಕಡೆಯ ಬೆಳೆ. ಇಲ್ಲಿಯದು ತೊಗರಿ, ಜೋಳ, ಕಬ್ಬು. ಕಬ್ಬು ಕಡಿಯುವವರಿಗೆ ಟನ್ ಲೆಕ್ಕ, ಉದ್ಯೋಗ ಖಾತ್ರಿಯಲ್ಲಿ ಅಗೆದ ಮಣ್ಣಿನ ಅಳತೆ. 2024-25ರಲ್ಲಿ ಕರ್ನಾಟಕದಲ್ಲಿ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು; ಅಳತೆ ಕಡಿಮೆ ಬಿದ್ದರೆ ಕೈಗೆ ಬರುವುದೂ ಕಡಿಮೆ. ಈ ಲೆಕ್ಕ ಗೊತ್ತಿರುವವನಿಗೆ ಆ ಯಜಮಾನನ ಮೇಲೆ ಸಿಟ್ಟು ಬರಲೇಬೇಕು. ಸಿಟ್ಟು ಬರಲಿ. ಸಾಮ್ಯದೊಳಗಿನ ಕೂಲಿಯಾಳುಗಳೂ ಗೊಣಗಿದರು. ಪ್ರಸಂಗಕಾರ ಅವಸರದಿಂದ ಸಮಾಧಾನ ಹೇಳದೆ, ಮುಂಜಾನೆಯಿಂದ ಅಡ್ಡೆಯಲ್ಲಿ ನಿಂತು ಯಾರೂ ಕರೆಯದೆ ಸಂಜೆಯಾದವನ ಮನೆಯಲ್ಲಿ ರಾತ್ರಿ ಎಷ್ಟು ರೊಟ್ಟಿ ಬೇಕಾಗುತ್ತದೆ ಎಂದು ಕೇಳಿದರೆ ಸಾಕು. ತಡವಾಗಿ ಬಂದವನ ಮಕ್ಕಳ ಹಸಿವು ಕಡಿಮೆ ಇರುವುದಿಲ್ಲ.

ಕುರಿಯ ವಿಷಯದಲ್ಲಿ ಊರಿನ ಕುರುಬನೇ ವ್ಯಾಖ್ಯಾನಕಾರ. ಹಿಂಡು ಬಿಟ್ಟು ಓಡುವ ಮರಿಯ ಕಾಲನ್ನು ಒಳ್ಳೆಯ ಕುರುಬ ತಾನೇ ಮುರಿದು, ವಾಸಿಯಾಗುವವರೆಗೆ ಹೆಗಲ ಮೇಲೆ ಹೊರುತ್ತಾನೆ ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಊರೂರು ಅಲೆಯುತ್ತ, ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರಕ್ಕೆ ಬದಲಾಗಿ ಕಾಳು-ಕಾಸು ಪಡೆಯುವ ಕುರುಬರ ಮುಂದೆ ಇದನ್ನು ಹೇಳಿದರೆ ನಗುತ್ತಾರೆ. ನಾಳೆ ಮುಂದಿನ ಊರಿಗೆ ನಡೆಯಬೇಕಾದ ಹಿಂಡಿನಲ್ಲಿ ಯಾರಾದರೂ ಬೇಕೆಂದೇ ಕಾಲು ಮುರಿದಾರೆಯೇ? ಲೂಕ 15ರಲ್ಲಿ 99 ಕುರಿ ಬಿಟ್ಟು ಒಂದನ್ನು ಹುಡುಕಲು ಹೋದರೆ ಆ 99ರ ಗತಿ ಏನೆಂಬುದು ಪಂಡಿತರ ಹಳೆಯ ತಲೆನೋವು. ಹಿಂಡುಗಳು ಒಂಟಿಯಾಗಿ ತಿರುಗುವುದಿಲ್ಲ, ಎರಡು ಮೂರು ಮನೆಯವರು ಜೊತೆಗಿರುತ್ತಾರೆ, ನಾಯಿಗಳಿರುತ್ತವೆ. ಕುರುಬನಿಗೆ ಇದು ಪ್ರಶ್ನೆಯೇ ಅಲ್ಲ.

ಇಷ್ಟೆಲ್ಲದರ ಒಳಗಿರುವ ಮಾತು ಒಂದೇ. ಯಾವ ಕೆಲಸದ ಕಥೆ ಹೇಳುತ್ತೇವೆಯೋ ಆ ಕೆಲಸ ಮಾಡುವವನು ಎದುರಿಗೆ ಕೂತಿದ್ದರೂ ಹೇಳಲು ಧೈರ್ಯವಿರಬೇಕು. ಹದ್ದಿನ ಕಥೆ ನಡೆಯುವುದು ಸಭೆಯಲ್ಲಿ ಹದ್ದು ಕೂತಿಲ್ಲವೆಂದು.

ಊರಿನ ಕಥೆಗೆ ಊರಿನ ಅಪಾಯವೂ ಇದೆ. ಐವತ್ತು ಮನೆಯ ಸಭೆಯಲ್ಲಿ 'ಒಬ್ಬ ಸಹೋದರ ಇದ್ದ, ಕುಡಿಯುತ್ತಿದ್ದ' ಎಂದರೆ ಎಲ್ಲ ಕತ್ತುಗಳೂ ಒಂದೇ ಕಡೆ ತಿರುಗುತ್ತವೆ. ಹೆಸರು ಮುಚ್ಚಿದರೆ ಸಾಲದು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ ಎಂದು ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆ ಕಟ್ಟುನಿಟ್ಟಾಗಿ ಹೇಳುತ್ತದೆ. ಮನೆಪ್ರಾರ್ಥನೆಯಲ್ಲಿ ಒಬ್ಬ ತಾಯಿ ಅತ್ತು ಹೇಳಿಕೊಂಡದ್ದಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಬೈಬಲ್ಲಿನಲ್ಲೇ ಇದಕ್ಕೊಂದು ದಾರಿಯಿದೆ. 2 ಸಮುವೇಲನ 12ನೇ ಅಧ್ಯಾಯದಲ್ಲಿ ನಾತಾನ ದಾವೀದನ ಪಾಪವನ್ನು ದಾವೀದನ ಕಥೆಯಾಗಿ ಹೇಳಲಿಲ್ಲ. ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಅರಸನೇ ಸಿಟ್ಟಿಗೆದ್ದು ತೀರ್ಪು ಕೊಟ್ಟ, ಆಮೇಲೆ ಆ ತೀರ್ಪು ತನ್ನದೇ ಎಂದು ತಿಳಿದುಕೊಂಡ.

ಪ್ರಸಂಗದ ಉದ್ದದ ಮಾತೂ ಬಂದೇ ಬರುತ್ತದೆ. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ, ಪ್ರಸಂಗ ಎಂಟು ನಿಮಿಷ ದಾಟಬಾರದು, ದಾಟಿದರೆ ಜನ ನಿದ್ದೆ ಮಾಡುತ್ತಾರೆ ಎಂದರು. ಮೆಥೊಡಿಸ್ಟ್ ಸಭೆಗಳಲ್ಲಿ ಎಂಟು ನಿಮಿಷಕ್ಕೆ ಪೀಠಿಕೆಯೂ ಮುಗಿಯುವುದಿಲ್ಲ ಎಂಬುದು ಬೇರೆ ಮಾತು.

ಮತ್ತೆ ಬಿತ್ತುವವನ ಕಡೆಗೆ. ಬೀದರ್, ಕಲಬುರಗಿಯ ಕಡೆ ಡಿಸೆಂಬರ್, ಜನವರಿಯ ಹೊತ್ತಿಗೆ ಎಳ್ಳಮವಾಸ್ಯೆ ಬರುತ್ತದೆ. ಸಜ್ಜೆರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ನೆರೆಯವರು, ಬೇರೆ ಧರ್ಮದವರು ಎಲ್ಲರಿಗೂ ಊಟದ ಕರೆ. ಉಣ್ಣುವ ಮುಂಚೆ ಹೊಲದ ಸುತ್ತ ಆ ಅಡುಗೆಯ ಚರಗ ಚೆಲ್ಲುತ್ತಾರೆ. ಬದುವಿಗೂ ಬೀಳುತ್ತದೆ, ಕಲ್ಲಿಗೂ ಬೀಳುತ್ತದೆ, ಬೆಳೆಗೂ ಬೀಳುತ್ತದೆ. ಇಲ್ಲಿಗೇಕೆ ಬಿತ್ತು, ಅಲ್ಲಿಗೇಕೆ ಚೆಲ್ಲಿದಿ ಎಂದು ಯಾರೂ ಕೇಳುವುದಿಲ್ಲ. ಬೀಜ ಎಣಿಸಿ ಬಿಡುವ ಕೈಯೇ ಆ ದಿನ ಎಣಿಸದೆ ಚೆಲ್ಲುತ್ತದೆ. ಚರಗ ಭೂತಾಯಿಯ ಪೂಜೆ, ಅದನ್ನು ಪ್ರಸಂಗದಲ್ಲಿ ಎತ್ತಬಹುದೇ ಎಂದು ಅಳುಕುವ ಸಭಾಪಾಲಕರಿದ್ದಾರೆ; ಅಳುಕಿಗೆ ಕಾರಣವಿದೆ. ಆದರೆ ಯೇಸು ಹೇಳಿದ ಆ ದುಂದುಗಾರ ಬಿತ್ತುವವನನ್ನು ಈ ಸೀಮೆಯ ಜನಕ್ಕೆ ತೋರಿಸಲು ಇದಕ್ಕಿಂತ ಹತ್ತಿರದ ನೋಟ ಇನ್ನೊಂದಿಲ್ಲ. ಹಬ್ಬವನ್ನು ಹಬ್ಬವಾಗಿಯೇ ಬಿಟ್ಟು, ಆ ಕೈಯನ್ನಷ್ಟೇ ತೋರಿಸಿದರೆ ಯಾರ ನಂಬಿಕೆಗೂ ಧಕ್ಕೆಯಿಲ್ಲ.

ಕೊನೆಗೆ ಸಭಾಪಾಲಕರಲ್ಲಿ, ಫಾದರ್‌ಗಳಲ್ಲಿ, ಭಾನುವಾರ ಶಾಲೆಯ ಗುರುಗಳಲ್ಲಿ ಒಂದು ವಿನಂತಿ. ಪ್ರತಿ ಸಭೆಯಲ್ಲಿ ಒಂದು ವಹಿ ಇಡಿ. ಕೂರಿಗೆ ಹಿಡಿದವರು, ಕುರಿ ಕಾಯುವವರು, ಲಾರಿ ಓಡಿಸುವವರು, ಹೈದರಾಬಾದು-ಪುಣೆಗೆ ದುಡಿಯಲು ಹೋಗಿ ಬಂದವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಕನ್ನಡದಲ್ಲಿ, ಮರಾಠಿಯಲ್ಲಿ, ದಖನಿಯಲ್ಲಿ, ಅವರ ಬಾಯಿಂದ ಬಂದ ಹಾಗೆಯೇ. ಬಿತ್ತುವವನ ಸಾಮ್ಯ ಮತ್ತಾಯನ ವರ್ಷದ ಸಾಧಾರಣ ಕಾಲದ 15ನೇ ಭಾನುವಾರ ಬರುತ್ತದೆ. 2026ರಲ್ಲಿ ಅದು ಜುಲೈ 12. ಆ ಹೊತ್ತಿಗೆ ಇಲ್ಲಿ ಮುಂಗಾರಿನ ಬಿತ್ತನೆ ಬಹುಪಾಲು ಮುಗಿದಿರುತ್ತದೆ, ರೈತರಿಗೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಪ್ರಸಂಗ ಬರೆಯುವ ಮುಂಚೆ ಅವರಲ್ಲಿಗೆ ಹೋಗಿ ಕೇಳಿ ಬನ್ನಿ.